ಚಿಕ್ಕಮ್ಮನ ತಂಗಡಿ

ಅರಸೀಕೆರೆಯ ನಮ್ಮ ಮನೆಯ ಮಾತು ಬಂದರೆ ನನ್ನ ತಮ್ಮಂದಿರಿಬ್ಬರೂ ಇವತ್ತಿಗೂ ದನಿ ತಗ್ಗಿಸಿಕೊಳ್ಳುತ್ತಾರೆ. ಎಂಥ ಮನೆ, ಎಂಥ ಸಂಸ್ಕಾರ, ದಿನಕ್ಕೆ ಎಷ್ಟು ಎಲೆ ಹಾಕುತ್ತಿದ್ದರು ಅನ್ನುತ್ತಾರೆ. ಹಾಕುತ್ತಿದ್ದರು, ನಿಜ. ಆ ಎಲೆ ಎತ್ತುತ್ತಿದ್ದವರು ಯಾರು ಎಂದು ಕೇಳಿದರೆ ಮಾತ್ರ ಇಬ್ಬರಿಗೂ ಮರೆವು. ನನಗೆ ಮರೆವಿಲ್ಲ. ಅದು ದೊಡ್ಡ ಮನೆಯಲ್ಲ, ದೊಡ್ಡದಾಗಿ ಕಾಣಲಿ ಎಂದು ಕಟ್ಟಿದ ಮನೆ. ರಸ್ತೆಯಿಂದ ಕಾಣುವ ಹಜಾರಕ್ಕೆ ಮೊಸಾಯಿಕ್ ನೆಲ, ಅದರ ಹಿಂದಿನ ನಡುಮನೆಗೆ ಬರೀ ಸಿಮೆಂಟು, ಅಡುಗೆಮನೆಗೆ ಕಪ್ಪು ಹಿಡಿದ ಕಡಪ ಕಲ್ಲು, ಹಿತ್ತಲ ಬಚ್ಚಲಿಗೆ ಅದೂ ಇಲ್ಲ. ಮೇಲೆ ಮನೆಯುದ್ದಕ್ಕೂ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ವರ್ಷಗಟ್ಟಲೆ ಅಲ್ಲೇ ಒಣಗಿ ಒಳಗೆ ಉಂಡೆ ಕೊಬ್ಬರಿಯಾಗುವ ತನಕ ನಾವು ಅವುಗಳ ಕೆಳಗೆ ಮಲಗಬೇಕು, ಉಣ್ಣಬೇಕು, ಜಗಳವಾಡಬೇಕು. ಊಟದಲ್ಲೂ ಇದೇ ನಾಟಕ. ಮನೆಯವರಿಗೆ ನಡುಮನೆಯಲ್ಲಿ ಮುದ್ದೆ ಮತ್ತು ಹುರುಳಿಸಾರು, ಹಜಾರಕ್ಕೆ ಯಾರಾದರೂ ಬಂದರೆ ಪೂರಿ ಮತ್ತು ಆಲೂಗೆಡ್ಡೆ ಪಲ್ಯ. ಬಂದವರೂ ಮನೆಯಲ್ಲಿ ಮುದ್ದೆ ಉಂಡೇ ಬಂದಿರುತ್ತಿದ್ದರು ಎಂಬುದು ಬೇರೆ ಮಾತು.

ಅಪ್ಪನದು ಕೊಬ್ಬರಿ ಮಂಡಿ. ಮಂಡಿಯಲ್ಲಿ ಕೈಮುಗಿಯುತ್ತ, ಹಲ್ಲು ಕಿರಿಯುತ್ತ ನಿಲ್ಲುತ್ತಿದ್ದ ಮನುಷ್ಯ ಮನೆಯ ಹೊಸ್ತಿಲು ದಾಟಿದ ಕೂಡಲೇ ಜಮೀನ್ದಾರನಾಗುತ್ತಿದ್ದ. ಅಜ್ಜಿ ನಡುಮನೆಯ ಮರದ ಪೆಟ್ಟಿಗೆಯ ಮೇಲೆ ಕೂತು ಎಲ್ಲರ ಮೇಲೂ ಹುಕುಂ ಚಲಾಯಿಸುತ್ತಿದ್ದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಪರರ ಮನೆಯ ಸುದ್ದಿ. ಅಮ್ಮ ಕೊನೆಗೆ ಮಾತಾಡಿದವರು ಯಾರೋ ಅವರ ಪಕ್ಷ. ಅಪ್ಪನ ತಮ್ಮ ಬಸವರಾಜು ಚಿಕ್ಕಪ್ಪ ಇದ್ದೂ ಇಲ್ಲದಂಥವನು. ಅಣ್ಣ ಕೂರು ಅಂದರೆ ಕೂರುತ್ತಿದ್ದ, ಏಳು ಅಂದರೆ ಏಳುತ್ತಿದ್ದ, ಏನೂ ಹೇಳದಿದ್ದರೆ ಕಂಬಕ್ಕೆ ಒರಗಿ ನಿಂತಿರುತ್ತಿದ್ದ. ಅವನ ಹೆಂಡತಿ ಹಾಲಮ್ಮ, ನನ್ನ ಚಿಕ್ಕಮ್ಮ, ಜಾವಗಲ್ಲಿನ ಕಡೆಯ ರಾಗಿ ಬೆಳೆಯುವ ಮನೆಯಿಂದ ಬಂದವಳು. ಅವಳು ಬಂದ ಹೊಸದರಲ್ಲಿ ಮಂಡಿಯಲ್ಲಿ ವ್ಯಾಪಾರ ಕುದುರಿತಂತೆ. ಸರಿ, ಸೊಸೆಯ ಕೈಗುಣ ಒಳ್ಳೆಯದು ಅಂತಾಯಿತು. ಅಲ್ಲಿಂದಾಚೆ ದಿನಾ ಬೆಳಗ್ಗೆ ಮಂಡಿಯ ಬೀಗದಕೈಯನ್ನು ಅವಳೇ ತಂದು ಅಪ್ಪನ ಮುಂದಿಡಬೇಕು, ಹಾಲಿಗೆ ಹೆಪ್ಪು ಅವಳೇ ಹಾಕಬೇಕು, ಮಾವಿನಕಾಯಿ ಕಾಲದಲ್ಲಿ ಜಾಡಿಗೆ ಮೊದಲ ಹಿಡಿ ಉಪ್ಪು ಅವಳದೇ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆ ಮಾತು ಅಜ್ಜಿಯ ಬಾಯಲ್ಲಿ ಆಗಾಗ ಬರುತ್ತಿತ್ತು, ಆದರೆ ಕೈಗುಣದ ಮಾತು ಅದನ್ನು ಹೇಗೋ ಮುಚ್ಚುತ್ತಿತ್ತು.

ಇಂಥ ಮನೆಗೆ ಒಂದು ದಿನ ಗುಲಾಬಿ ಹುಚ್ಚು ಹಿಡಿಯಿತು. ನಮ್ಮ ಮಠದ ಬುದ್ಧಿಯವರು ಪಾದಪೂಜೆಗೆ ಬರಲು ಒಪ್ಪಿದ್ದರು. ಗೇಟಿನಿಂದ ಬಾಗಿಲ ತನಕ ಅವರು ಗುಲಾಬಿ ಗಿಡಗಳ ನಡುವೆ ನಡೆದು ಬರಬೇಕು ಎಂದು ಅಪ್ಪನ ತಲೆಗೆ ಹೊಕ್ಕಿತು. ನಮ್ಮ ಅಂಗಳದ ವಿಷಯ ಹೇಳಲೇಬೇಕು. ಅದು ಚೌಳು ಮಣ್ಣು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಪುಡಿ ಏಳುತ್ತಿತ್ತು. ನಾವು ಮಕ್ಕಳು ಬೆರಳಲ್ಲಿ ಕೆರೆದು ನೆಕ್ಕುತ್ತಿದ್ದೆವು, ಉಪ್ಪುಪ್ಪಗೆ, ಕಹಿಯಾಗಿ ಇರುತ್ತಿತ್ತು. ಬೋರ್‌ವೆಲ್ ನೀರೂ ಉಪ್ಪು. ಬಕೆಟ್ಟಿನ ಒಳಗೆಲ್ಲ ಬಿಳಿ ಕಟ್ಟು, ಆ ನೀರಿಗೆ ಹಾಕಿದ ಬೇಳೆ ಸಂಜೆಯಾದರೂ ಬೇಯದು. ಕುಡಿಯುವ ಸೀನೀರನ್ನು ಚಿಕ್ಕಮ್ಮ ಎರಡು ಬೀದಿಯಾಚೆಯ ಬಾವಿಯಿಂದ ಹೊತ್ತು ತರುತ್ತಿದ್ದಳು. ಇಂಥ ನೆಲಕ್ಕೆ ಅಪ್ಪ ಬೆಂಗಳೂರಿನಿಂದ ಹನ್ನೆರಡು ಗುಲಾಬಿ ಸಸಿ ತರಿಸಿದ. ಪ್ರತಿ ಸಸಿಯ ಕೊರಳಲ್ಲೂ ಇಂಗ್ಲಿಷಿನಲ್ಲಿ ಹೆಸರು ಬರೆದ ಚೀಟಿ. ಅಪ್ಪನಿಗೆ ಅದನ್ನು ಓದಲು ಬರುತ್ತಿರಲಿಲ್ಲ, ಆದರೂ ಚೀಟಿ ರಸ್ತೆಯ ಕಡೆಗೆ ಕಾಣುವಂತೆ ತಿರುಗಿಸಿ ಇಟ್ಟ.

ತೆಂಗಿನ ಸಸಿ ನೆಡುವಾಗ ಗುಂಡಿಗೆ ಮರಳು, ಬೂದಿ, ಒಂದು ಮೊರ ಕಲ್ಲುಪ್ಪು ಹಾಕುವುದು ನಮ್ಮ ಕಡೆಯ ವಾಡಿಕೆ. ತೆಂಗು ಅದನ್ನು ತಡೆದುಕೊಳ್ಳುತ್ತದೆ, ಇನ್ನಷ್ಟು ಕೊಡಿ ಅನ್ನುತ್ತದೆ. ಹುಟ್ಟಿದಾಗಿನಿಂದ ತೆಂಗು ಬಿಟ್ಟು ಬೇರೆ ಗಿಡ ನೋಡದ ನಮ್ಮಪ್ಪ ಗುಲಾಬಿಗೂ ಮೊಣಕಾಲುದ್ದದ ಗುಂಡಿ ತೋಡಿಸಿ, ಪಕ್ಕದಲ್ಲಿ ಕಲ್ಲುಪ್ಪಿನ ಮೂಟೆ ಇಳಿಸಿದ. ಬಾಗಿಲ ಮರೆಯಲ್ಲಿ ನಿಂತಿದ್ದ ಚಿಕ್ಕಮ್ಮ ತಡೆಯಲಾರದೆ ಬಾಯಿಬಿಟ್ಟಳು.

"ಭಾವ, ಹೂವಿನ ಗಿಡಕ್ಕೆ ಉಪ್ಪು ಆಗಕಿಲ್ಲ. ಮಣ್ಣೇ ಚೌಳೈತೆ, ನೀರೂ ಉಪ್ಪು. ಮೇಲೆ ಇನ್ನೂ ಉಪ್ಪು ಹಾಕಿದ್ರೆ ಬೇರು ಸುಟ್ಟೋಗ್ತದೆ."

"ತೆಂಗು ಬೆಳೆದ ಮನೆತನ ಕಣಮ್ಮ ಇದು. ಗಿಡ ನೆಡೋದನ್ನ ಜಾವಗಲ್ಲಿನೋರು ಬಂದು ನಮಗೆ ಹೇಳ್ಕೊಡ್ಬೇಕಾ?"

"ಇನ್ನೂ ನೆಟ್ಟೇ ಇಲ್ಲ, ಆಗ್ಲೇ ಸುಟ್ಟೋಗ್ತದೆ ಅಂತಾಳಲ್ಲ," ಅಂದಳು ಅಜ್ಜಿ ಒಳಗಿನಿಂದ. "ಏನ್ ಬಾಯಮ್ಮ ನಿಂದು!"

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದರು. "ಆ ಹೆಣ್ಮಗಳು ಸರಿಯಾಗೇ ಹೇಳ್ತಾವ್ರೆ ಕಣ್ರೀ," ಎಂದರು. ಪರರ ಮುಂದೆ ಅಪ್ಪ ಎಂದೂ ಹಟ ಮಾಡಿದವನಲ್ಲ. ನಗುತ್ತ ಉಪ್ಪಿನ ಮೂಟೆಯನ್ನು ಒಳಗೆ ಎತ್ತಿಡಿಸಿದ. ಮಧ್ಯಾಹ್ನ ಹೆಂಗಸರೆಲ್ಲ ಮಲಗಿದ ಮೇಲೆ ನನ್ನನ್ನು ಎಬ್ಬಿಸಿ, ಮೊರ ಕೊಟ್ಟು, ಹನ್ನೆರಡು ಗುಂಡಿಗೂ ನನ್ನ ಕೈಯಿಂದಲೇ ಉಪ್ಪು ಹಾಕಿಸಿದ. ಮೇಲೆ ಮಣ್ಣು ಎಳೆದು ತಾನೇ ಸಸಿ ನೆಟ್ಟ. ಆಮೇಲೆ ಪ್ರತಿ ಭಾನುವಾರ ಅದೇ ಹೊತ್ತಿಗೆ ಬುಡಕ್ಕೆ ಒಂದೊಂದು ಹಿಡಿ.

"ಯಾರಿಗೂ ಹೇಳ್ಬ್ಯಾಡ ನೀಲ. ಗಿಡ ಚಿಗುರಿದ ಮೇಲೆ ನಾವೇ ಹೇಳೋಣ. ಆಗ ನಿನ್ನ ಚಿಕ್ಕಮ್ಮನ ಮುಖ ನೋಡುವಂತೆ."

ನನಗೆ ಒಂಬತ್ತೋ ಹತ್ತೋ ವರ್ಷ. ಅಪ್ಪ ನನ್ನ ಹೆಸರು ಹಿಡಿದು ಕರೆದಿದ್ದೇ ಅಪರೂಪ, ಅಂಥದ್ದರಲ್ಲಿ ಅವನೊಂದಿಗೆ ನನಗೊಂದು ಗುಟ್ಟು. ನಾನು ಹಿಗ್ಗಿಹೋದೆ. ಎರಡು ತಿಂಗಳಿಗೆ ಎಲೆಗಳ ಅಂಚು ಸೀದು ಕಂದಾಯಿತು, ಮೂರನೇ ತಿಂಗಳಿಗೆ ಹನ್ನೆರಡೂ ಕಡ್ಡಿಯಾದವು. ಕಡ್ಡಿಗಳಿಗೆ ನೇತುಬಿದ್ದ ಇಂಗ್ಲಿಷ್ ಚೀಟಿಗಳು ಮಾತ್ರ ಹಾಗೇ ಉಳಿದವು. ಬೀದಿಗೆಲ್ಲ ಗುಲಾಬಿಯ ಸುದ್ದಿ ಹೇಳಿಕೊಂಡು ತಿರುಗಿದ ಅಪ್ಪನಿಗೆ ಈಗ ಒಬ್ಬ ಅಪರಾಧಿ ಬೇಕಿತ್ತು. ಅಜ್ಜಿ ಹುಡುಕಿಕೊಟ್ಟಳು. ಒಂದು ಬೆಳಗ್ಗೆ ತಿಂಡಿ ಮುಗಿದ ಮೇಲೆ ಎಲ್ಲರನ್ನೂ ಅಂಗಳಕ್ಕೆ ಕರೆಸಿ, ಪೆಟ್ಟಿಗೆಯಿಂದ ಎದ್ದು ತಾನೇ ಬಾಗಿಲಿಗೆ ಬಂದಳು.

"ದಿನಾ ಇವಕ್ಕೆ ನೀರು ಹಾಕ್ದೋರು ಯಾರು?"

"ನಾನೇ ಅತ್ತೆ."

"ಗೊತ್ತಾಯ್ತಲ್ಲ. ಮೊದ್ಲು ಬಾಯಿ ಇಟ್ಳು, ಆಮೇಲೆ ಕೈ ಇಟ್ಳು. ಹೊಟ್ಟೆ ಬರಡು, ಈಗ ಕೈನೂ ಬರಡು."

ಚಿಕ್ಕಮ್ಮ ಅಳಲಿಲ್ಲ. ಕುಕ್ಕರುಗಾಲಲ್ಲಿ ಕೂತು ಒಂದು ಕಡ್ಡಿಯ ಬುಡಕ್ಕೆ ಬೆರಳು ಹಾಕಿ, ಮಣ್ಣು ತೆಗೆದು ನಾಲಗೆಗೆ ಇಟ್ಟುಕೊಂಡಳು. ಥೂ ಎಂದು ಉಗಿದಳು.

"ಕಲ್ಲುಪ್ಪು ಐತೆ. ಭಾವ, ಉಪ್ಪು ಹಾಕಿದ್ರಾ?"

"ನಿನ್ನ ಎದುರಿಗೇ ಎತ್ತಿಡಿಸಲಿಲ್ವೇನಮ್ಮ?" ಅಂದ ಅಪ್ಪ. ಎಷ್ಟು ಸಲೀಸಾಗಿ ಅಂದನೆಂದರೆ ಉಪ್ಪು ಹಾಕಿದ ನನಗೇ ಒಂದು ಗಳಿಗೆ ಅನುಮಾನ ಬಂತು.

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ನೀಲ, ಭಾನುವಾರ ಭಾನುವಾರ ನೀನು ಅಪ್ಪನ ಜೊತೆ ಇಲ್ಲಿರ್ತಿದ್ದಲ್ಲವ್ವ. ಬುಡಕ್ಕೆ ಏನು ಹಾಕ್ತಿದ್ರಿ? ಹೆದರ್ಬ್ಯಾಡ, ಹೇಳು."

"ನೀರು," ಅಂದೆ.

ಅಷ್ಟೇ. ಆ ರಾತ್ರಿ ಊಟಕ್ಕೆ ಅಪ್ಪ ತನ್ನ ಪಕ್ಕದಲ್ಲಿ ನನಗೆ ಮಣೆ ಹಾಕಿಸಿದ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಗಂಡಸರ ಪಂಕ್ತಿಯಲ್ಲಿ ಕೂತದ್ದೇ ಇಲ್ಲ. ತಮ್ಮಂದಿರು ಹೊಟ್ಟೆ ಉರಿದುಕೊಂಡರು. ಅಪ್ಪ ತನ್ನ ಎಲೆಯಿಂದ ತುಪ್ಪದ ಅನ್ನದ ತುತ್ತೊಂದನ್ನು ನನ್ನ ಎಲೆಗೆ ಹಾಕಿದ. ನಾನು ಚಪ್ಪರಿಸಿಕೊಂಡು ತಿಂದೆ. ಬಡಿಸುತ್ತಿದ್ದವಳು ಚಿಕ್ಕಮ್ಮ. ಅಪ್ಪನನ್ನೂ ಅಜ್ಜಿಯನ್ನೂ ಇಷ್ಟು ಹೀಗಳೆಯುವ ನಾನು ಇದನ್ನು ಬರೆಯದೆ ಬಿಟ್ಟರೆ ಅವರಿಗಿಂತ ಕಡೆ.

ಮಾರನೇ ದಿನದಿಂದ ಬೀಗದಕೈ ಅಮ್ಮನ ಕೈಗೆ ಬಂತು. ಹೆಪ್ಪು ಹಾಕುವುದೂ ಅಮ್ಮನೇ. ಅವಳು ಹಾಕಿದ ಮೊಸರು ಲೋಳೆಲೋಳೆಯಾಗಿ ಬರುತ್ತಿತ್ತು, ಎಲ್ಲರೂ ಆಹಾ ಅನ್ನುತ್ತ ಉಣ್ಣುತ್ತಿದ್ದರು. ಉಪ್ಪಿನಕಾಯಿ ಜಾಡಿ ಇದ್ದ ಕೋಣೆಗೆ ಚಿಕ್ಕಮ್ಮ ಕಾಲಿಡುವಂತಿರಲಿಲ್ಲ. ದೇವರಿಗೆ ಹೂ ಕಟ್ಟುವುದೂ ನಿಂತಿತು. ಆದರೆ ಸೀನೀರು ಹೊರಲು, ಹಂಡೆ ಉಜ್ಜಲು, ಎಲೆ ಎತ್ತಲು, ಬಚ್ಚಲು ತೊಳೆಯಲು ಯಾವ ಕೈಗುಣವೂ ಬೇಕಿರಲಿಲ್ಲ, ಅವೆಲ್ಲ ಅವಳಿಗೇ ಉಳಿದವು. ಅಜ್ಜಿ ಊಟದ ಹೊತ್ತಿನಲ್ಲಿ ಯಾರಿಗೋ ಹೇಳುವಂತೆ ಎಲ್ಲರಿಗೂ ಕೇಳಿಸಿದಳು. ಬುದ್ಧಿಯವರಿಗೆ ಈ ವರ್ಷ ಬಿಡುವಾಗದೆ ಪಾದಪೂಜೆ ಮುಂದಕ್ಕೆ ಹೋಗಿದೆ, ಅದೊಂದು ಮುಗಿಯಲಿ, ಆಮೇಲೆ ಹಾಲಮ್ಮ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರಲಿ ಎಂದು. ಆ ನಾಲ್ಕು ದಿನ ಮುಗಿಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಬೇಲೂರಿನ ಕಡೆ ಒಂದು ಹೆಣ್ಣಿದೆಯಂತೆ, ಮೈಕೈ ತುಂಬಿಕೊಂಡಿದೆಯಂತೆ ಎಂಬ ಮಾತು ಆಗಲೇ ನಡುಮನೆಯಲ್ಲಿ ಓಡಾಡುತ್ತಿತ್ತು. ಚಿಕ್ಕಪ್ಪ ಕಂಬಕ್ಕೆ ಒರಗಿ ಇದನ್ನೆಲ್ಲ ಕೇಳಿಸಿಕೊಂಡ. ಥೂ, ಇವನೂ ಒಬ್ಬ ಗಂಡಸಾ ಎಂದು ನನಗೆ ಆ ವಯಸ್ಸಿಗೇ ಅನ್ನಿಸಿತ್ತು.

ಮುಂಗಾರು ಶುರುವಾಗುವ ಮುಂಚೆ ಒಂದು ದಿನ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಅಜ್ಜಿಯ ಪೆಟ್ಟಿಗೆಯ ಮುಂದೆ ನಿಂತಳು.

"ಅತ್ತೆ, ನನ್ನ ಕೈ ಬರಡು ಅಂತೀರ. ಅದೇ ಅಂಗಳ ನನಗೆ ಬಿಡಿ. ಆ ಉಪ್ಪಲ್ಲೇ ಗಿಡ ಎಬ್ಬಿಸ್ತೀನಿ. ಹೂ ಬಿಟ್ರೆ ಕೈ ಮಾತೂ ಎತ್ಬಾರ್ದು, ನನ್ನ ತವರಿಗೆ ಕಳಿಸೋ ಮಾತೂ ಎತ್ಬಾರ್ದು."

"ಬಿಡದಿದ್ರೆ?"

"ನಾನೇ ಬಸ್ ಹತ್ತೀನಿ. ನೀವು ಹೇಳೋದೇ ಬ್ಯಾಡ."

ಅಜ್ಜಿಗೆ ಖುಷಿಯೋ ಖುಷಿ. ಹನ್ನೆರಡು ಬೆಂಗಳೂರು ಗಿಡ ಸತ್ತ ಜಾಗದಲ್ಲಿ ಏನು ಬಂದೀತು? "ಆಯ್ತು ಕಣಮ್ಮ, ಎಬ್ಬಿಸು," ಅಂದಳು.

ಚಿಕ್ಕಮ್ಮ ಆರಿಸಿದ್ದು ತಂಗಡಿ. ನಮ್ಮ ಬಯಲುಸೀಮೆಯ ದಾರಿ ಬದಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಹಾಳು ದಿಣ್ಣೆಗಳ ಮೇಲೆ ಆಳುದ್ದ ಬೆಳೆದು ಹಳದಿ ಹೂ ಬಿಡುವ ಕುರುಚಲು ಗಿಡ. ದೀಪಾವಳಿಯಲ್ಲಿ ಸಗಣಿಯ ಬೆನಕನಿಗೆ ಸಿಕ್ಕಿಸಲು ಒಂದು ದಿನದ ಮಟ್ಟಿಗೆ ಅದು ಎಲ್ಲರಿಗೂ ಬೇಕು, ಮಿಕ್ಕ ದಿನ ಯಾರೂ ತಿರುಗಿ ನೋಡುವುದಿಲ್ಲ. ನಾವು ಶಿವನ ಒಕ್ಕಲು, ಮಾಲೇಕಲ್ಲಿನ ಬೆಟ್ಟ ಹತ್ತುವವರಲ್ಲ. ಚಿಕ್ಕಮ್ಮ ಪಕ್ಕದ ಬೀದಿಯ ಹೆಂಗಸರು ವೆಂಕಟರಮಣನಿಗೆ ಹೊರಟಾಗ ಅವರ ಜೊತೆ ಬೆಟ್ಟದ ಬುಡದ ತನಕ ಹೋಗಿ, ಒಣಗಿದ ಚಪ್ಪಟೆ ಕಾಯಿಗಳನ್ನು ಮಡಿಲು ತುಂಬ ತಂದಳು. ಮೊದಲು ಅಂಗಳದ ಮೇಲಿನ ಬಿಳಿ ಮಣ್ಣನ್ನು ಗುದ್ದಲಿಯಲ್ಲಿ ಹೆರೆದು ಮಂಕರಿಯಲ್ಲಿ ಹೊತ್ತು ಹೊರಗೆ ಹಾಕಿದಳು. ಗೇಟಿನಿಂದ ಬಾಗಿಲ ತನಕ ಎರಡೂ ಕಡೆ ಮೊಳದೆತ್ತರದ ಬದು ಕಟ್ಟಿದಳು. ಎರಡು ಮಳೆ ಅದರ ಮೇಲೆ ಬಿದ್ದು ಉಪ್ಪು ತೊಳೆದುಹೋಗಲಿ ಎಂದು ಕಾದಳು. ಬೀಜದ ಸಿಪ್ಪೆ ಗಟ್ಟಿ, ಹಾಗೇ ಹಾಕಿದರೆ ಹುಟ್ಟುವುದಿಲ್ಲ. ಒರಳುಕಲ್ಲಿನ ಮೇಲೆ ಹಗುರವಾಗಿ ತಿಕ್ಕಿ, ಬಿಸಿನೀರಿನಲ್ಲಿ ನೆನೆಹಾಕಿ, ಉಬ್ಬಿದವನ್ನು ಮಾತ್ರ ಆರಿಸಿದಳು. ನಾನು ಅಂಟಿಕೊಂಡೇ ಓಡಾಡುತ್ತಿದ್ದೆ. ಬದುವಿನ ನೆತ್ತಿಯಲ್ಲಿ ಗುಳಿ ಮಾಡಹೋದರೆ ಕೈ ಹಿಡಿದಳು.

"ನೆತ್ತಿ ಮೇಲಲ್ಲ ಕಣೇ. ಬಿಸಿಲಿಗೆ ಉಪ್ಪು ಮೇಲೇರಿ ನೆತ್ತೀಲಿ ನಿಲ್ತದೆ. ಪಕ್ಕೆಗೆ ಹಾಕು, ಪಕ್ಕೆ ತಣ್ಣಗಿರ್ತದೆ."

ಎಳೆ ಸಸಿಗೆ ಹೆಂಚಿನಿಂದ ಇಳಿದ ಮಳೆನೀರನ್ನು ಹಂಡೆಯಲ್ಲಿ ಹಿಡಿದಿಟ್ಟು ಹಾಕಿದಳು. ಬೇರು ಇಳಿದ ಮೇಲೆ ಬೋರ್‌ವೆಲ್ ನೀರನ್ನೇ ಕೊಟ್ಟಳು, ಅದೂ ವಾರಕ್ಕೊಮ್ಮೆ, ಮಣ್ಣು ತೋಯುವಷ್ಟು. ಮಂಡಿಯ ಹಿಂದೆ ರಾಶಿ ಬಿದ್ದಿದ್ದ ತೆಂಗಿನ ನಾರಿನ ಪುಡಿಯನ್ನು ತಂದು ಬುಡಕ್ಕೆ ಹರಡಿದಳು. ಅಷ್ಟು ವರ್ಷ ತೆಂಗಿನಲ್ಲೇ ಬದುಕಿದ ನಮ್ಮ ಮನೆಯ ಪಂಡಿತರಿಗೆ ಅದು ಹೊಳೆದಿರಲಿಲ್ಲ. ಒಂದು ಸಲ ಹಸಿರು ಹುಳು ಬಿದ್ದು ಎಲೆಯನ್ನೆಲ್ಲ ಬೋಳಿಸಿದವು. ಅಜ್ಜಿ ಆ ದಿನ ಎರಡು ತುತ್ತು ಹೆಚ್ಚು ಉಂಡಳು. ಚಿಕ್ಕಮ್ಮ ಹುಳುಗಳನ್ನು ಓಡಿಸಲಿಲ್ಲ. ಹದಿನೈದು ದಿನಕ್ಕೆ ಅಂಗಳದ ತುಂಬ ಹಳದಿ ಚಿಟ್ಟೆ, ತಿಂಗಳಿಗೆ ಗಿಡದ ತುಂಬ ಹೊಸ ಚಿಗುರು. ಆ ದಿನಗಳಲ್ಲಿ ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ, ನೀರು ಅಂದದ್ದನ್ನು ಎತ್ತಲಿಲ್ಲ. ಮರೆತಿದ್ದಾಳೆ ಎಂದುಕೊಂಡೆ. ಅಷ್ಟು ದಡ್ಡಿ ನಾನು.

ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಗಿಡಗಳು ಅಪ್ಪನ ಎದೆಯ ಮಟ್ಟ ಬಂದು ಹೂ ಬಿಟ್ಟವು. ಗೇಟಿನಿಂದ ಬಾಗಿಲ ತನಕ ಎರಡೂ ಕಡೆ ಹಳದಿಯೋ ಹಳದಿ. ದಾರಿಹೋಕರು ನಿಂತು ನೋಡುತ್ತಿದ್ದರು. ಚಿಕ್ಕಮ್ಮ ಮೊದಲ ಗೊಂಚಲನ್ನು ತಂದು ಅಜ್ಜಿಯ ಮುಂದಿಟ್ಟಳು.

"ಏನಿದು?"

"ಹೂ ಬಿಟ್ಟೈತೆ ಅತ್ತೆ."

"ತಂಗಡಿ ತಾನೆ? ಮೇಕೆನೂ ಮೂಸದ ಗಿಡ. ರೈಲು ಹಳಿ ಪಕ್ಕ ಇದಕ್ಕೆ ಯಾರಮ್ಮ ನೀರು ಹಾಕ್ತಾರೆ? ಇದು ಕೈಗುಣ ಅಲ್ಲ, ಗಿಡದ ಭಂಡತನ. ನಾನು ಮಾತಾಡಿದ್ದು ಹೂವಿನ ಗಿಡಕ್ಕೆ."

ಒಂದೂವರೆ ವರ್ಷದ ದುಡಿಮೆಯನ್ನು ಅಜ್ಜಿ ಹೀಗೆ ಎಲೆಯಡಿಕೆ ಉಗಿದಷ್ಟು ಸುಲಭವಾಗಿ ಉಗಿದುಬಿಟ್ಟಳು. ಅಪ್ಪನಂತೂ ಪಾದಪೂಜೆಗೆ ಮುಂಚೆ ಈ ಕಾಡನ್ನು ಕಡಿದು ಹಾಕಿ, ಕುಂಡದ ಗುಲಾಬಿ ತಂದಿಡಬೇಕು ಎಂದು ಚಿಕ್ಕಪ್ಪನಿಗೆ ಹೇಳಿದ. ಚಿಕ್ಕಪ್ಪ ಹೂಂ ಅಂದ. ಒಂದು ದಿನ ಮಚ್ಚು ಮೊಂಡಾಗಿದೆ ಅಂದ, ಇನ್ನೊಂದು ದಿನ ಸಾಣೆಯವನು ಸಿಗಲಿಲ್ಲ ಅಂದ, ಮತ್ತೊಂದು ದಿನ ಕೈ ಉಳುಕಿದೆ ಅಂದ. ಅಷ್ಟರಲ್ಲಿ ಕಾರ್ತಿಕದ ಆ ಸೋಮವಾರ ಬಂದೇಬಿಟ್ಟಿತು. ಅಪ್ಪನ ಕುಂಡಗಳು ಬಂದವು, ನಾಲ್ಕೇ ನಾಲ್ಕು, ತಂಗಡಿಯ ಬುಡದಲ್ಲಿ ಕಾಣಿಸಲೂ ಇಲ್ಲ.

ಬುದ್ಧಿಯವರು ವಯಸ್ಸಾದವರು, ಪೂರ್ವಾಶ್ರಮದಲ್ಲಿ ಬೇಸಾಯದ ಮನೆಯವರಂತೆ. ಗೇಟು ದಾಟಿದವರು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಬಗ್ಗಿ ಬದುವಿನ ಮಣ್ಣು ಮುಟ್ಟಿ ನೋಡಿದರು. ಚಿಕ್ಕಮ್ಮ ಪಾದ ತೊಳೆಯುವ ನೀರಿನ ಬಿಂದಿಗೆ ಹಿಡಿದು ಬಾಗಿಲಿಗೆ ಬಂದಿದ್ದಳು. ನಾನು ಬಿಲ್ವಪತ್ರೆಯ ತಟ್ಟೆ ಹಿಡಿದು ಅಪ್ಪನ ಮಗ್ಗುಲಲ್ಲಿದ್ದೆ.

"ಈ ಚೌಳಲ್ಲಿ ತಂಗಡಿ ಎಬ್ಬಿಸಿದೀರಲ್ಲ," ಅಂದರು ಬುದ್ಧಿಯವರು. "ತಾನಾಗಿ ಹುಟ್ಟೋದು ಬೇರೆ, ಬೀಜ ಹಾಕಿ ಹೀಗೆ ಸಾಲು ಹಿಡಿಸೋದು ಬೇರೆ. ಯಾರ ಕೈ ಇದು? ಬಹಳ ಒಳ್ಳೇ ಕೈ."

"ನಂದೇ ಬುದ್ಧಿ," ಅಂದ ಅಪ್ಪ. ಉಗುಳು ನುಂಗುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಹಿಂದಿನ ದಿನದ ತನಕ ಕಾಡು, ಭಂಡ ಗಿಡ, ಮೇಕೆ ಮೂಸದ್ದು ಆಗಿದ್ದುದು ಕ್ಷಣದಲ್ಲಿ ಅವನ ಕೈಯ ಮಹಿಮೆಯಾಯಿತು. ಅಜ್ಜಿ ಮುಖದ ಒಂದು ಗೆರೆ ಅಲುಗಿಸದೆ ತಲೆದೂಗಿದಳು.

ಚಿಕ್ಕಮ್ಮ ಬಿಂದಿಗೆಯನ್ನು ಹೊಸ್ತಿಲ ಮೇಲಿಟ್ಟಳು.

"ಇಲ್ಲ ಬುದ್ಧಿ. ಬೀಜದಿಂದ ಹಿಡಿದು ಎಲ್ಲಾ ಹಾಕಿದ್ದು ನಾನು. ಈ ಮನೇಲಿ ನನ್ನ ಕೈ ಬರಡು ಅಂತಾರೆ, ಅದಕ್ಕೆ ನನ್ನ ಹೆಸರು ಹೇಳಾಕಿಲ್ಲ."

ಅಪ್ಪ ನಕ್ಕ. "ನೀರು ಹೊಯ್ತಿದ್ಲು ಬುದ್ಧಿ, ಅದನ್ನೇ ಹೇಳ್ತಾವಳೆ. ಬೇಕಾದ್ರೆ ನನ್ನ ಮಗೂನ ಕೇಳಿ. ಜೊತೇಲೇ ಇದ್ದದ್ದು."

ಅಪ್ಪನ ಕೈ ನನ್ನ ತಲೆಯ ಮೇಲೆ ಬಂತು. ಬುದ್ಧಿಯವರಿಗೆ ಸಂಕಟವಾಗಿರಬೇಕು, ಈ ಪಂಚಾಯಿತಿ ಅವರಿಗೆ ಬೇಕಿರಲಿಲ್ಲ. ಆದರೂ ನನ್ನ ಕಡೆ ನೋಡಿ ಮೆತ್ತಗೆ, "ನೀನು ಹೇಳವ್ವ," ಅಂದರು. ನನಗೆ ಎಲ್ಲ ಗೊತ್ತಿತ್ತು. ಪಕ್ಕೆಗೆ ಹಾಕಬೇಕು, ನೆತ್ತಿಗಲ್ಲ ಎಂಬುದು ಗೊತ್ತಿತ್ತು. ಬೀಜ ಉಬ್ಬಿದಾಗ ಎಷ್ಟು ದಪ್ಪ ಇರುತ್ತದೆ ಎಂಬುದೂ ಗೊತ್ತಿತ್ತು. ಈ ಮಾತಿನ ಮೇಲೆ ಚಿಕ್ಕಮ್ಮ ಈ ಮನೆಯಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದೂ ಗೊತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು, ಬೇಡಿಕೊಳ್ಳುವ ನೋಟವಲ್ಲ, ಇವಳು ಏನನ್ನುತ್ತಾಳೆ ನೋಡೋಣ ಎಂಬ ನೋಟ.

"ಅಪ್ಪ," ಅಂದೆ.

ಪೂಜೆ ಸಾಂಗವಾಗಿ ನಡೆಯಿತು. ಚಿಕ್ಕಮ್ಮ ಹೋಳಿಗೆ ಬಡಿಸಿದಳು, ಕಾಯಿಹಾಲು ಬಡಿಸಿದಳು, ನೂರಾರು ಎಲೆ ಎತ್ತಿದಳು, ಹಜಾರ ಸಾರಿಸಿದಳು. ಎಲ್ಲರೂ ಹೋದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಒಂದು ಬಟ್ಟೆಯ ಚೀಲ ಹಿಡಿದು ನಡುಮನೆಗೆ ಬಂದಳು.

"ಬತ್ತೀನಿ ಅತ್ತೆ. ಹೂ ಬಿಟ್ಟೈತೆ, ಮಾತಿನ ಪ್ರಕಾರ ನೀವು ನನ್ನ ಕಳಿಸಂಗಿಲ್ಲ. ನಾನೇ ಹೋಗ್ತಿರೋದು. ಅದೊಂದು ನೆನಪಿಟ್ಕೊಳ್ಳಿ."

ಅಜ್ಜಿ ಗೆದ್ದೆ ಎಂಬಂತೆ ಅಡಿಕೆ ಕತ್ತರಿಸುತ್ತಲೇ ಇದ್ದಳು. ಆಗ ಕಂಬದ ಬಳಿಯಿಂದ ಚಿಕ್ಕಪ್ಪ ಸರಿದು, ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿ, ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡ.

"ಎಲ್ಲಿಗ್ಲಾ?" ಅಂದ ಅಪ್ಪ.

"ಜಾವಗಲ್ಲಿಗೆ."

"ಬಸ್ ಹತ್ತಿಸಿ ಬೇಗ ಬಾ. ಪಾತ್ರೆ ವಾಪಸ್ ಕೊಡ್ಬೇಕು."

"ಬರಾಕಿಲ್ಲ ಅಣ್ಣ."

ಅಜ್ಜಿಯ ಅಡಕೊತ್ತು ನಿಂತಿತು. ಅಮ್ಮ ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ಎಲ್ಲರ ಮುಖ ನೋಡಿದಳು. ಅವರಿಬ್ಬರೂ ಹಳದಿ ಸಾಲಿನ ನಡುವೆ ನಡೆದು ಗೇಟು ದಾಟಿದರು, ಜಾವಗಲ್ಲಿನ ಮೇಲೆ ಹೋಗುವ ಹಳೇಬೀಡಿನ ಬಸ್ಸು ಹಿಡಿದರು. ಆ ಮನೆಯಲ್ಲಿ ಬೆನ್ನುಮೂಳೆ ಇದ್ದ ಗಂಡಸು ಒಬ್ಬನೇ, ನಾನು ಥೂ ಅಂದಿದ್ದು ಅವನಿಗೇ. ಚಿಕ್ಕಪ್ಪ ಮತ್ತೆ ಬರಲಿಲ್ಲ. ಜಾವಗಲ್ಲಿನಲ್ಲಿ ಗಂಡಹೆಂಡಿರು ಹಿಟ್ಟಿನ ಗಿರಣಿ ಹಾಕಿಕೊಂಡರು, ಬದುಕಿಕೊಂಡರು. ಅಪ್ಪ ತಂಗಡಿ ಕಡಿಸಲಿಲ್ಲ. ಬುದ್ಧಿಯವರು ಮೆಚ್ಚಿದ ಗಿಡವಲ್ಲವೇ! ಬಂದವರನ್ನೆಲ್ಲ ಅಂಗಳಕ್ಕೆ ಕರೆದು, ಬೀಜ ನೆತ್ತಿಗೆ ಹಾಕಬಾರದು, ಪಕ್ಕೆಗೆ ಹಾಕಬೇಕು, ಉಪ್ಪು ಮೇಲೇರುತ್ತದೆ ಎಂದು ವಿವರಿಸುತ್ತಿದ್ದ. ಆ ಮಾತು ಅವನಿಗೆ ಹೇಳಿಕೊಟ್ಟವಳು ನಾನೇ. ಈಗ ಅಲ್ಲಿ ಗಿಡವೂ ಇಲ್ಲ, ಬದುವೂ ಇಲ್ಲ. ತಮ್ಮಂದಿರು ಸಿಮೆಂಟಿನ ಇಟ್ಟಿಗೆ ಹಾಸಿ ಕಾರು ನಿಲ್ಲಿಸುತ್ತಾರೆ.

ಜಾವಗಲ್ಲಿಗೆ ನಾನು ಹೋಗುತ್ತಿರುತ್ತೇನೆ. ಚಿಕ್ಕಪ್ಪ ತೀರಿಕೊಂಡು ಕೆಲವು ವರ್ಷವಾಯಿತು. ಚಿಕ್ಕಮ್ಮ ಎಪ್ಪತ್ತು ದಾಟಿದರೂ ಗಟ್ಟಿಯಾಗಿದ್ದಾಳೆ, ಹೋದರೆ ಮುದ್ದೆ ಕಟ್ಟಿ ಸಾರು ಹಾಕುತ್ತಾಳೆ, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಾಳೆ. ಹೋದ ತಿಂಗಳು ಇವತ್ತು ಹೇಳಿಯೇಬಿಡಬೇಕು ಎಂದು ನಿರ್ಧಾರ ಮಾಡಿಕೊಂಡು ಹೋಗಿದ್ದೆ. ಎಲೆಯ ಮುಂದೆ ಕೂತು, "ಚಿಕ್ಕಮ್ಮ, ಆವತ್ತು ಬುದ್ಧಿಯವರ ಮುಂದೆ ನಾನು," ಅನ್ನುವಷ್ಟರಲ್ಲಿ, "ಮುದ್ದೆ ಆರೋಗ್ತದೆ, ಉಣ್ಣು," ಅಂದಳು. ಅಷ್ಟರಲ್ಲಿ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಮಜ್ಜಿಗೆಗೆಂದು ಬಂದು, ನನ್ನನ್ನು ನೋಡಿ, "ಯಾರಜ್ಜಿ ಇವರು?" ಎಂದು ಕೇಳಿದಳು. ನಮ್ಮ ಕಡೆ ಗಂಡನ ಅಣ್ಣನ ಮಗಳನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ನಮ್ಮ ಮಗಳು ಅಂದುಬಿಡುತ್ತಾರೆ, ಹೆತ್ತವರಂತೆಯೇ. ನಾನು ತುತ್ತು ಕೈಯಲ್ಲಿ ಹಿಡಿದು ಕಾದೆ.

"ಇವರಾ? ಅರಸೀಕೆರೆಯೋರು," ಅಂದಳು ಚಿಕ್ಕಮ್ಮ, ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಿಡುತ್ತ. "ನಮ್ಮ ಭಾವನೋರ ಮಗಳು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತಲೆ ತಗ್ಗಿಸಿ ಉಂಡೆ.